ಒಂದು ಕಾಳು ಮರಳು

ವೈಟ್‌ಫೀಲ್ಡಿನ ಹೋಟೆಲಿನ ಅಡುಗೆಮನೆಗೆ ನಾನು ಸೇರಿದ ವಾರವೇ ಮೆನುವಿಗೆ ಸ್ಕಾಲಪ್ ಬಂತು. ಎಲ್ಲಿಯದೋ ಸಮುದ್ರದ ಚಿಪ್ಪಿನೊಳಗಿನ ಬಿಳಿ ಮಾಂಸ. ಅದಕ್ಕೆ ಬೇಕನ್ ಎಂಬ ಹಂದಿಮಾಂಸದ ತೆಳ್ಳನೆಯ ಪಟ್ಟಿ ಸುತ್ತಿ, ಕೆಂಪಗೆ ಸುಟ್ಟು, ಹಸಿ ಸೊಪ್ಪಿನ ಮೇಲಿಡಬೇಕು. ಬೆಳಿಗ್ಗೆ ಪ್ಯಾಕೆಟ್ ಒಡೆದವನೇ ಅಷ್ಟನ್ನೂ ಉಪ್ಪುನೀರಿಗೆ ಹಾಕಿಟ್ಟೆ.

ಮಧ್ಯಾಹ್ನ ಸುಡಲಿಟ್ಟರೆ ಬರೀ ನೀರು ಬಿಟ್ಟಿತು. ಬೇಕನ್ ಒದ್ದೆ ಬಟ್ಟೆಯಂತಾಯಿತು. ಬೇಗೂರಿನವರಾದ ನಮ್ಮ ಶೆಫ್ ಓಡಿ ಬಂದರು.

"ಯಾಕೋ ನೀರಲ್ಲಿ ನೆನೆಹಾಕ್ದೆ?"

"ಮರಳು ಬಿಡ್ಲಿ ಅಂತ ಸಾರ್."

"ಚಿಪ್ಪೇ ಇಲ್ಲ, ಮರಳು ಎಲ್ಲಿಂದ ಬರುತ್ತೆ ಗುರು? ಯಾರು ಹೇಳ್ಕೊಟ್ರು ನಿಂಗೆ?"

ಅಮ್ಮ ಎನ್ನಲು ಬಾಯಿ ಬರಲಿಲ್ಲ. ಅಂಕೋಲೆ ಕಡೆಯ ನಮ್ಮ ಹೊಳೆಯಲ್ಲಿ ನೀರಿಳಿದಾಗ ಅವಳು ಕಾಲಲ್ಲೇ ತಡಕಿ ಬಳಚು ಎಂಬ ಚಿಪ್ಪು ಹೆಕ್ಕುತ್ತಿದ್ದಳು. ಮನೆಗೆ ತಂದು ಬೋಗುಣಿ ನೀರಿಗೆ ಹಾಕಿದರೆ ಅವು ಬಾಯಿ ತೆರೆದು ಮರಳು ಉಗುಳುತ್ತಿದ್ದವು. ಎಷ್ಟು ನೆನೆಸಿದರೂ ಊಟದ ನಡುವೆ ಒಂದು ಕಾಳು ಹಲ್ಲಿಗೆ ಸಿಕ್ಕಿ ಕರಕ್ಕೆನ್ನುತ್ತಿತ್ತು. ನಾನು ಮುಖ ಸಿಂಡರಿಸಿದರೆ, "ಹೊಳೆನೂ ಊಟಕ್ಕೆ ಬಂದದೆ, ಬೈಬೇಡ" ಎಂದು ನಗುತ್ತಿದ್ದಳು.

"ಅಭ್ಯಾಸ ಸಾರ್" ಎಂದಷ್ಟೇ ಹೇಳಿದೆ.

ಶೆಫ್ ಬೈದು ಮುಗಿಸಿ, ಹೊಸ ಪ್ಯಾಕೆಟ್ ಒಡೆಸಿ, ಎದುರಿಗೇ ನಿಂತು ಮಾಡಿಸಿದರು. ಒಂದನ್ನು ನನಗೂ ಕೊಟ್ಟರು. ಬೆಣ್ಣೆಯಂತಿತ್ತು.

"ಹೆಂಗಿದೆ?"

"ಸಕ್ಕತ್ ಸಾರ್."

ಸುಳ್ಳಲ್ಲ. ಆದರೆ ಕೊನೆಯ ತುತ್ತಿನವರೆಗೂ ನನ್ನ ಹಲ್ಲು ಮೆಲ್ಲಗೆ ಕಚ್ಚುತ್ತಾ ಆ ಒಂದು ಕಾಳಿಗಾಗಿ ಕಾಯುತ್ತಲೇ ಇತ್ತು. ಇಷ್ಟು ಕ್ಲೀನಾಗಿ ಪ್ಯಾಕ್ ಮಾಡುವವರಿಗೆ ಯಾರಾದರೂ ಸ್ವಲ್ಪ ಬೈಯಬೇಕು.