ಸ್ಕೂಲಿನಲ್ಲಿ ಮನೆ ಸಿಕ್ಕ ಆರ್ಡಿತ್

ಐದನೇ ಕ್ಲಾಸಿನಲ್ಲಿ ಏಟು ತಿಂದ ಕೋಣೆಯಲ್ಲೇ ಆರ್ಡಿತ್ ಪೂಲ್ ತನ್ನ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಮಂಚ ಹಾಕಿಕೊಂಡಳು. ಓಹಾಯೋ ನದಿ ದಂಡೆಯ ಆ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪುಗಳಿಗೆ ಹಿಡಿ ಅಂಟಿಸುತ್ತಲೇ ಅವಳ ಪ್ರಾಯ ಸವೆದಿತ್ತು. ಕಾರ್ಖಾನೆ ಮುಚ್ಚಿತು, ಗಂಡ ಸತ್ತ, ಬಾಡಿಗೆ ಮನೆಯ ಸೂರು ಕುಸಿಯಿತು. ಮಾಲೀಕ ಸೂರು ರಿಪೇರಿ ಮಾಡಿಸುವ ಬದಲು ಇವಳನ್ನೇ ಖಾಲಿ ಮಾಡಿಸಿದ.

ಹಳೇ ಸ್ಕೂಲನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ನಗರಸಭೆ ಹೊರಟಾಗ ಅಡ್ಡ ಹಾಕಿದವಳು ಅವಳ ಹಳೇ ಗೆಳತಿ ನೊರೀನ್. ಮಡಚುವ ಕುರ್ಚಿ ತಂದು ಬುಲ್ಡೋಜರ್ ಮುಂದೆ ಕೂತೇಬಿಟ್ಟಳು. ಪಕ್ಕದಲ್ಲಿ ಎರಡನೇ ಕುರ್ಚಿ ಹಾಕಿದ್ದು ಆರ್ಡಿತ್. ಪೊಲೀಸರು ಕುರ್ಚಿ ಸಮೇತ ಎತ್ತಿ ರಸ್ತೆ ಬದಿಗಿಟ್ಟರೆ, ಮುದುಕಿಯರು ಅದೇ ಕುರ್ಚಿ ಹೊತ್ತು ವಾಪಸು ಬರುವರು.

"ಏಳಜ್ಜಿ, ನನ್ನ ಕೆಲಸ ಹೋಗುತ್ತೆ" ಎಂದು ಡ್ರೈವರ್ ಗೋಗರೆದರೆ, "ಹೋಗ್ಲಿ ಬಿಡಪ್ಪ. ಇಳಿದು ಬಾ, ಫ್ಲಾಸ್ಕಲ್ಲಿ ಕಾಫಿ ಇದೆ" ಅನ್ನುವಳು ನೊರೀನ್.

ಕೊನೆಗೆ ಗೆದ್ದರು. ಸರ್ಕಾರದ ದುಡ್ಡು ಬಂತು, ಕ್ಲಾಸುಗಳು ಬಡ ಮುದುಕರ ಮನೆಗಳಾದವು. ಹಳೇ ಕಟ್ಟಡದ ಗುರುತು ಅಳಿಸಬಾರದೆಂಬ ಷರತ್ತಿತ್ತು. ಹಾಗಾಗಿ ಎಲ್ಲರ ಅಡಿಗೆ ಒಲೆಯ ಎದುರು ಗೋಡೆಯ ಮೇಲೂ ಕರಿಹಲಗೆ ಹಾಗೇ ಉಳಿಯಿತು.

ಆದರೆ ಗೆದ್ದವರ ಕೈಗೆ ಆಳ್ವಿಕೆ ಸಿಗಲಿಲ್ಲ. ಅದು ಎಲ್ಲೂ ಸಿಗುವುದಿಲ್ಲ. ಕೆಳಗಿನ ಹಾಲ್ ಜೊಯೆಟ್ಟಾಳ ವಶವಾಯಿತು. ಹೋರಾಟದ ದಿನಗಳಲ್ಲಿ ಕಾರಿನ ಗಾಜು ಇಳಿಸಿ "ಮನೇಲಿ ಕೆಲಸ ಇಲ್ವೇನ್ರೇ?" ಎಂದು ಹಂಗಿಸಿ ಹೋಗುತ್ತಿದ್ದವಳು ಅವಳೇ. ಗಂಡನ ಪೀಠೋಪಕರಣದ ಅಂಗಡಿ ಮುಳುಗಿದ್ದೇ ತಡ, ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದ್ದಳು. ದಿನಾ ಮಧ್ಯಾಹ್ನ ಅವಳ ಮೇಜಿನಲ್ಲಿ ಯೂಕರ್ ನಡೆಯುತ್ತಿತ್ತು. ನಾಲ್ವರ ಇಸ್ಪೀಟಾಟ ಅದು. ಡಾಕ್ಟರ ಬಳಿಗೆ ಯಾರು ಯಾರ ಕಾರಿನಲ್ಲಿ ಹೋಗಬೇಕು, ಯಾರ ಹುಟ್ಟುಹಬ್ಬಕ್ಕೆ ಕೇಕು, ಎಲ್ಲ ಅಲ್ಲೇ ತೀರ್ಮಾನ. ಆ ಮೇಜಿಗೆ ಬೇಡವಾದವರು ಕೋಣೆಯಲ್ಲಿ ಡಬ್ಬಿ ಸೂಪು ಕುಡಿದು ಗೋಡೆ ನೋಡಬೇಕು. ಆರ್ಡಿತ್ ಎರಡು ಚಳಿಗಾಲ ಗೋಡೆ ನೋಡಿದ್ದಳು.

ಆ ಮೇಜಿನ ನಾಲ್ಕನೆಯವಳು ಸತ್ತ ವಾರ ಜೊಯೆಟ್ಟಾ ಆರ್ಡಿತ್‌ಳನ್ನು ಕರೆದಳು.

"ಎಲೆ ಚೆನ್ನಾಗಿ ಆಡ್ತೀಯಂತೆ?"

"ಫ್ಯಾಕ್ಟರೀಲಿ ಊಟದ ಹೊತ್ತಲ್ಲಿ ಆಡ್ತಿದ್ವಿ."

"ಕೂತ್ಕೋ ಹಾಗಾದ್ರೆ. ಆದ್ರೆ ಬಾಲ ಬೇಡ."

"ಯಾವ ಬಾಲ?"

"ನೊರೀನ್ ಕಣೇ. ನಿನ್ನ ಹಿಂದೇನೇ ಬರ್ತಾಳೆ, ಎಲ್ಲರ ಕೈ ಇಣುಕಿ ಎಲೆ ಹೆಸರು ಕೂಗ್ತಾಳೆ. ಮೊನ್ನೆ ಸೋಫಾ ಒದ್ದೆ ಮಾಡಿದ್ಲು. ಅವಳಿರೋ ತನಕ ನೀನು ಅವಳ ಆಯಾ. ಆಯಾ ಜೊತೆ ನಾವು ಆಡಲ್ಲಮ್ಮ."

ಉಳಿದಿಬ್ಬರು ನಕ್ಕರು. ಆರ್ಡಿತ್ ಕೂಡ ನಕ್ಕಳು.

ನೊರೀನಳ ನೆನಪು ಸೋರತೊಡಗಿ ವರ್ಷವಾಗಿತ್ತು. ಒಲೆ ಮರೆತು ಎರಡು ಸಲ ಅಗ್ನಿಶಾಮಕದವರು ಬಂದಾಗಿತ್ತು. ತಮ್ಮನ್ನು ತಾವೇ ನೋಡಿಕೊಳ್ಳಬಲ್ಲವರಿಗೆ ಮಾತ್ರ ಇಲ್ಲಿ ಜಾಗ, ಇನ್ನೊಂದು ಸಲ ಆದರೆ ಜಿಲ್ಲೆಯ ಶುಶ್ರೂಷಾ ಗೃಹಕ್ಕೆ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದ. ಅಂದಿನಿಂದ ಆರ್ಡಿತ್ ಪ್ರತಿ ಬೆಳಿಗ್ಗೆ ನೊರೀನಳ ಹಲಗೆಯ ಮೇಲೆ 'ಒಲೆ ಆರಿಸು' ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದಳು. "ಟೀಚರ್ ಬರ್ದಿದಾರೆ" ಎಂದು ನೊರೀನ್ ವಿಧೇಯಳಾಗಿ ಆರಿಸುತ್ತಿದ್ದಳು.

ಜೊಯೆಟ್ಟಾ ಕರೆದ ಮಾರನೇ ಬೆಳಿಗ್ಗೆ ಆರ್ಡಿತ್ ಹೋದಾಗ ನೊರೀನ್ ಮೊಟ್ಟೆ ಬೇಯಲಿಟ್ಟು ಕಿಟಕಿಯಲ್ಲಿ ನದಿ ನೋಡುತ್ತಿದ್ದಳು.

"ಆರ್ಡೀ, ಇವತ್ತು ಬುಲ್ಡೋಜರ್ ಬರುತ್ತೇನೇ?"

"ಇಲ್ಲ ಕಣೇ."

"ಬಂದ್ರೆ ಕರಿ. ಒಬ್ಬಳೇ ಹೋಗ್ಬೇಡ, ತುಳಿದುಬಿಡ್ತಾರೆ."

"ಆಯ್ತು, ಕರೀತೀನಿ."

ಒಲೆ ಉರಿಯುತ್ತಿದ್ದುದನ್ನು ಆರ್ಡಿತ್ ನೋಡಿದಳು. ಹಲಗೆಯ ಮೇಲೆ ನಿನ್ನೆ ಬರೆದದ್ದನ್ನು ಸ್ವೆಟರಿನ ತೋಳಿನಿಂದ ಒರೆಸಿದಳು. ಹೊಸದಾಗಿ ಏನನ್ನೂ ಬರೆಯಲಿಲ್ಲ. ಬಾಗಿಲೆಳೆದುಕೊಂಡು ತನ್ನ ಕೋಣೆಗೆ ಬಂದು, ಬೆಂಕಿಯ ಗಂಟೆ ಹೊಡೆದುಕೊಳ್ಳುವವರೆಗೂ ಕೋಟು ಹಾಕಿಕೊಂಡೇ ಕೂತಿದ್ದಳು. ಮರೆತೆ ಎಂದು ಜಾರಿಕೊಳ್ಳುವಂಥದ್ದಲ್ಲ ಇದು.

ಚಳಿಯಲ್ಲಿ ಮೆಟ್ಟಿಲ ಮೇಲೆ ಎಲ್ಲರೂ ನಡುಗುತ್ತ ನಿಂತರು. ಅಗ್ನಿಶಾಮಕದವನು ಸುಟ್ಟ ಪಾತ್ರೆ ಹಿಡಿದು ಹೊರಬಂದ.

"ಟೀಚರ್ ಇವತ್ತು ಏನೂ ಬರೀಲೇ ಇಲ್ಲ" ಎಂದು ನೊರೀನ್ ಸಿಕ್ಕಸಿಕ್ಕವರಿಗೆಲ್ಲ ದೂರುತ್ತಿದ್ದಳು.

ಮ್ಯಾನೇಜರ್ ಆರ್ಡಿತ್ ಕಡೆ ತಿರುಗಿದ. "ನೀವು ನೋಡ್ಕೋತಿದ್ರಲ್ವಾ?"

"ಎಷ್ಟು ದಿನ ಅಂತ ನೋಡ್ಕೊಳ್ಳೋದು, ನೀವೇ ಹೇಳಿ."

ಅವನು ತಲೆಯಾಡಿಸಿದ. ವಾರದೊಳಗೆ ಶುಶ್ರೂಷಾ ಗೃಹದ ವ್ಯಾನು ಬಂತು. ನೊರೀನ್ ಗಲಾಟೆ ಮಾಡಲಿಲ್ಲ; ಆರ್ಡಿತ್ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆಂದು ಯಾರೋ ಸುಳ್ಳು ಹೇಳಿ ಹತ್ತಿಸಿದ್ದರು.

ಆ ಮಧ್ಯಾಹ್ನ ಆರ್ಡಿತ್ ಹಾಲಿಗೆ ಹೋದಳು. ಅವಳ ಪಾಲಿನ ಕುರ್ಚಿಯನ್ನು ಜೊಯೆಟ್ಟಾ ಕಾಲಿನಿಂದಲೇ ಹೊರಕ್ಕೆ ತಳ್ಳಿ ಕೊಟ್ಟಳು. ಆಟ ಚೆನ್ನಾಗಿ ಸಾಗಿತ್ತು. ಎಲೆ ಹಂಚುತ್ತ ಜೊಯೆಟ್ಟಾ ಅಂದಳು:

"ನೊರೀನ್ ಕೋಣೆ ನನ್ನ ತಂಗಿಗೆ ಆಯ್ತು. ಪಾಪ, ಎರಡು ವರ್ಷದಿಂದ ಕಾಯ್ತಿದ್ಲು. ಸೋಮವಾರ ಬರ್ತಾಳೆ."

"ಒಳ್ಳೇದಾಯ್ತು" ಎಂದಳು ಆರ್ಡಿತ್.

"ಯೂಕರ್ ಅಂದ್ರೆ ಪ್ರಾಣ ಅವಳಿಗೆ. ಅಲ್ಲಿ ತನಕ ಕುರ್ಚಿ ಬೆಚ್ಚಗಿಡು."

ಆರ್ಡಿತ್ ಕೈಯಲ್ಲಿದ್ದ ಎಲೆಗಳನ್ನೇ ನೋಡಿದಳು. "ಆಮೇಲೆ ನಾನು?"

"ನೋಡೋಕೆ ಬಾರೇ. ಬೇಡ ಅಂದೋರ್ಯಾರು?" ಜೊಯೆಟ್ಟಾ ಮೇಜು ಕುಟ್ಟಿದಳು. "ಹಾಕು ಹಾಕು, ನಿಂದೇ ಆಟ."

ಸೋಮವಾರಕ್ಕೆ ಇನ್ನೂ ಸಮಯವಿತ್ತು. ಆರ್ಡಿತ್ ತನ್ನ ದೊಡ್ಡ ಎಲೆಯನ್ನೇ ಇಳಿಸಿದಳು.