ಹುಚ್ಚಮ್ಮನ ಹಲ್ಲು

ಹೊಸಬಾಳೆಯಾಚೆಯ ಆ ಹಳ್ಳಿಯಲ್ಲಿ ಹುಚ್ಚಮ್ಮನ ಬಾಯಿಗೆ ಹೆದರದವರಿರಲಿಲ್ಲ. ಗಂಡ ಸತ್ತ ಮೇಲೆ ಇದ್ದ ತುಂಡು ಜಮೀನನ್ನು ಒಬ್ಬಳೇ ಉಳಿಸಿಕೊಂಡ ಹೆಂಗಸು. ಆ ಬಾಯಿ ಇಲ್ಲದಿದ್ದರೆ ಎಂದೋ ನುಂಗಿ ನೀರು ಕುಡಿದಿರುತ್ತಿದ್ದರು. ಬೈಗುಳದಲ್ಲಿ ಮುಕ್ಕಾಲು ಪಾಲು ವಾರಗಿತ್ತಿ ಶೇಷಮ್ಮನಿಗೇ ಮೀಸಲು. ಅಣ್ಣತಮ್ಮಂದಿರು ಪಾಲಾದ ಮೇಲೆ ಶೇಷಮ್ಮ ವರ್ಷಕ್ಕಿಷ್ಟು ಬದು ಒತ್ತಿಕೊಂಡು ಬಂದಿದ್ದಳು. ನಡುಗೋಡೆಯ ಆಚೀಚೆ ಮನೆ, ಆದರೂ ಮಾತು ಬಿಟ್ಟು ಎಷ್ಟೋ ಮಳೆಗಾಲ ಕಳೆದಿತ್ತು. “ಬದುಗಳ್ಳಿ!” ಎಂದು ಗೋಡೆಗೆ ಹೇಳುವಳು ಹುಚ್ಚಮ್ಮ, ಆಚೆಗೆ ಕೇಳುವಷ್ಟು ಜೋರಾಗಿ.

ಐವತ್ತೆಂಟನೆಯ ಇಸವಿ. ಅದೇ ಊರಿನ ಶಿವಮೂರ್ತಪ್ಪನ ಎತ್ತು ಅವಳ ಹುರುಳಿ ಹೊಲಕ್ಕೆ ನುಗ್ಗಿತು. “ನಿನ್ನೆತ್ತು ನೆಗದು ಬೀಳ!” ಎಂದು ಮಣ್ಣು ತೂರಿ ಬೈದಳು. ವಾರ ಕಳೆಯುವುದರೊಳಗೆ ಎತ್ತು ನೊರೆ ಕಾರಿ ಸತ್ತಿತು.

ಸುತ್ತಲ ದನಕ್ಕೆಲ್ಲ ಬೇನೆ ಹಬ್ಬಿದ ವರ್ಷ ಅದು. ಅದನ್ನು ಯಾರು ನೆನೆಯಬೇಕು? ಶಿಕಾರಿಪುರದ ಕಡೆಯಿಂದ ಬಂದ ಕಣಿಯವನು ‘ಬಾಯಿ ಜೋರಿರೋ ಹೆಂಗಸಿನ ಮಾಟ’ ಎಂದುಬಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ! ಹುಚ್ಚಮ್ಮನನ್ನು ತುರುಬು ಹಿಡಿದು ಚೌಡಿಕಟ್ಟೆಗೆ ಎಳೆತಂದರು.

ಮಾಟಗಾತಿಯ ಮುಂದಿನ ಹಲ್ಲು ಕೀಳಬೇಕು. ಹಲ್ಲು ಹೋದರೆ ಮಂತ್ರ ತೊದಲುತ್ತದೆ, ತೊದಲಿದ ಮಂತ್ರ ತಾಗುವುದಿಲ್ಲ. ಇದು ಹಳಬರ ಕಟ್ಟಳೆ. ಕಲಿಸಿದವಳ ಹೆಸರು ಹೇಳಿದರೆ ಮಾಫಿ. ಆಗ ಹಲ್ಲು ಆ ಇನ್ನೊಬ್ಬಳದು ಹೋಗುತ್ತದೆ.

“ಯಾರು ಕಲ್ಸಿದ್ದು? ನಿನ್ ವಾರಗಿತ್ತೀನಾ?” ಎಂದ ಶಿವಮೂರ್ತಪ್ಪ. ಕೈಯಲ್ಲಿ ಕುಲುಮೆಯ ಇಕ್ಕಳ. “ಹೂಂ ಅನ್ನು, ಸಾಕು.”

ಒಂದೇ ಒಂದು ಹೂಂ! ಅಂದಿದ್ದರೆ ಹಲ್ಲೂ ಉಳಿಯುತ್ತಿತ್ತು, ಬದುವಿನ ತಕರಾರೂ ತೀರುತ್ತಿತ್ತು. ಗುಂಪಿನಲ್ಲಿ ಶೇಷಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಹುಚ್ಚಮ್ಮ ಅವಳನ್ನೇ ನೋಡಿದಳು. ಆಸೆ ಏಳಲಿಲ್ಲವೆಂದರೆ ಸುಳ್ಳು. ಎದ್ದಿತು, ಚೆನ್ನಾಗಿಯೇ ಎದ್ದಿತು.

“ಅವ್ಳು ಬದುಗಳ್ಳಿ, ಚೌಡಿ ಮುಂದೂ ಹೇಳ್ತೀನಿ. ಮಾಟ ಅವ್ಳಿಗೂ ಬರಾದಿಲ್ಲ, ನಂಗೂ ಬರಾದಿಲ್ಲ. ಇಲ್ಲದ್ದು ಹೇಳಿ ಈ ಬಾಯಿ ಕೆಡಿಸ್ಕಣಲ್ಲ ಕಣ್ರೋ!”

ಇಬ್ಬರು ಕೈ ಅದುಮಿದರು, ಒಬ್ಬ ಎದೆಯ ಮೇಲೆ ಕೂತ. ಇಕ್ಕಳ ಜಾರಿ ತುಟಿ ಹರಿಯಿತು. ಮೊದಲ ಹಲ್ಲು ಮುರಿದು ಬೇರು ಒಳಗೇ ಉಳಿದಾಗ ಶಿವಮೂರ್ತಪ್ಪ ಸಿಟ್ಟಿಗೆದ್ದು ಕಲ್ಲು ಎತ್ತಿಕೊಂಡ. ಥೂ, ಮುಂದಿನದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಮುಗಿದ ಮೇಲೆ ನೆತ್ತರಿನಿಂದ ಹಲ್ಲು ಆರಿಸಿ, ಬಟ್ಟೆಯಲ್ಲಿ ಕಟ್ಟಿ, ತನ್ನ ಕೊಟ್ಟಿಗೆಯ ತೊಲೆಗೆ ನೇತು ಹಾಕಿದ, ದನಕ್ಕೆ ರಕ್ಷೆಯಂತೆ.

ಅವಳ ಬಾವು ಇಳಿಯುವ ಮೊದಲೇ, ಅದೇ ತೊಲೆಯ ಕೆಳಗೆ ಅವನ ಇನ್ನೊಂದು ಎತ್ತೂ ಸತ್ತಿತು.

ಊರಿಗೆ ಈಗ ಮತ್ತೊಂದು ಬಾಯಿ ಬೇಕಾಯಿತು. ಇಕ್ಕಳ ಹಿಡಿದು ಶೇಷಮ್ಮನ ಮನೆಯತ್ತ ನುಗ್ಗಿದರು. ಅವಳ ಗಂಡ ಹಿತ್ತಲಿಂದ ಓಟ ಕಿತ್ತ. ಗೋಡೆಯಾಚೆ ಗಲಾಟೆ ಕೇಳಿದ ಹುಚ್ಚಮ್ಮ ಕುಡುಗೋಲು ಹಿಡಿದು ಬಂದು ಶೇಷಮ್ಮನ ಬಾಗಿಲಿಗೆ ಅಡ್ಡ ನಿಂತಳು. ಮುಖ ಕುಂಬಳಕಾಯಿಯಾಗಿತ್ತು. ಶಿವಮೂರ್ತಪ್ಪ ತಳ್ಳಲು ಕೈ ಹಾಕಿದ. ಬೀಸಿದಳು. ಅಂಗೈ ಸೀಳಿ ಇಕ್ಕಳ ಹೊಸ್ತಿಲ ಮೇಲೆ ಬಿತ್ತು.

“ನನ್ ಹಲ್ಲು ನಿನ್ ತೊಲೇಲೈತಲ್ಲೋ! ಈ ಎತ್ತು ಯಾರ್ ಕೊಂದ್ರು? ಹೇಳೋ!”

ಮಾತು ಗಾಳಿಯಾಗಿ ಸೋರಿತು, ಆದರೂ ಎಲ್ಲರಿಗೂ ತಿಳಿಯಿತು. ಒಬ್ಬರ ಮುಖ ಒಬ್ಬರು ನೋಡದೆ ಹಿಂದೆ ಸರಿದರು. ಶಿವಮೂರ್ತಪ್ಪ ಕೈಗೆ ಪಂಚೆ ಸುತ್ತಿಕೊಂಡು ಕೊನೆಗೆ ಹೋದ.

ಶೇಷಮ್ಮ ಗಂಜಿ ತಂದು ಅವಳ ಕಾಲ ಬಳಿ ಕುಸಿದಳು. “ಅಕ್ಕಾ, ಅವತ್ತೇ ಹೂಂ ಅಂದಿದ್ರೆ ನಿನ್ ಹಲ್ಲು ಉಳೀತಿತ್ತಲ್ಲೇ...”

ಹುಚ್ಚಮ್ಮ ಗಂಜಿ ಗುಟುಕರಿಸಿದಳು. ನೋವಿಗೆ ಕಣ್ಣು ಮುಚ್ಚಿದಳು.

“ಬದು ಒತ್ತಿದ್ದು ಒತ್ತಿದ್ದೇ,” ಎಂದಳು. “ನಾಳೆ ಹಿಂದಕ್ಕೆ ಹಾಕು.”