ಶುಕ್ರವಾರ ಹತ್ತು ಗಂಟೆಗೆ

ಆ ವರ್ಷ ನ್ಯೂಜಿಲೆಂಡಿನ ಆಲ್ಬನಿಯ ಕ್ಯಾಂಪಸ್ಸಿನಲ್ಲಿ ಕಾನೂನಿನ ಒಂದು ಪೇಪರ್ ತೆಗೆದುಕೊಂಡಿದ್ದೆ. ಅಮೆರಿಕದ ಹಳೆಯ ತೀರ್ಪೊಂದರ ಮೇಲೆ ಪ್ರಬಂಧ ಬರೆಯಬೇಕಿತ್ತು. ಗುಲಾಮಗಿರಿ ಇಲ್ಲದ ನೆಲದಲ್ಲಿ ವರ್ಷಗಟ್ಟಲೆ ಬಾಳಿದ ಗುಲಾಮನೊಬ್ಬ, ನಾನು ಸ್ವತಂತ್ರ ಎಂದು ಕೋರ್ಟಿಗೆ ಹೋದ. ಕಪ್ಪು ವರ್ಣದವರು ಈ ದೇಶದ ಪ್ರಜೆಗಳೇ ಅಲ್ಲ, ದಾವೆ ಹೂಡುವ ಹಕ್ಕೇ ನಿನಗಿಲ್ಲ ಎಂದು ಸುಪ್ರೀಂ ಕೋರ್ಟು ಅವನನ್ನು ಹೊರಗಟ್ಟಿತು. ಓದಿ ನನ್ನ ಮೈ ಉರಿದುಹೋಯಿತು. ದೂರದ ಅನ್ಯಾಯಕ್ಕೆ ನನ್ನ ಮೈ ಬಹಳ ಬೇಗ ಉರಿಯುತ್ತದೆ.

ಫ್ಲ್ಯಾಟ್ ಬುಷ್‌ನಲ್ಲಿ ನಮ್ಮ ಎದುರುಮನೆಯವರು ಮೈಸೂರಿನವರು, ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು. ಮಗುವನ್ನು ನೋಡಿಕೊಳ್ಳಲು ಊರಿನಿಂದ ಒಬ್ಬ ಹೆಂಗಸನ್ನು ಕರೆತಂದಿದ್ದರು. ನಾವೆಲ್ಲ ಆಕೆಯನ್ನು ಆಂಟಿ ಎನ್ನುತ್ತಿದ್ದೆವು. ಯುಗಾದಿಗೆ ಹತ್ತು ಮನೆಯವರು ಸೇರಿದರೆ ಒಬ್ಬಟ್ಟು ತಟ್ಟುವವರು ಆಂಟಿ, ಬಡಿಸುವವರು ಆಂಟಿ, ಕೊನೆಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುವವರೂ ಆಂಟಿ. ಆಂಟಿಯ ಕೈರುಚಿಯನ್ನು ಹೊಗಳಿ ನಾವು ಕೈತೊಳೆಯಲು ಏಳುತ್ತಿದ್ದೆವು. ಆಂಟಿ ಎಂದು ಕರೆದ ಮೇಲೆ ಆಳು ಎನ್ನುವ ಮಾತೆಲ್ಲಿ ಬಂತು?

ಒಂದು ಮಧ್ಯಾಹ್ನ ಮಗುವನ್ನೆತ್ತಿಕೊಂಡು ನಮ್ಮ ಮನೆಗೆ ಬಂದವರು, "ಏನವ್ವ ಅದು, ಅಷ್ಟೊಂದ್ ಓದ್ತೀಯ?" ಎಂದರು. ಆ ಗುಲಾಮನ ಕತೆ ಹೇಳಿದೆ.

ಅವರು ಮಗುವಿನ ಮೂಗು ಒರೆಸುತ್ತ ಕೇಳಿಸಿಕೊಂಡರು. "ಅವ್ನು ಕೋರ್ಟ್ ಗಂಟ ಆದ್ರೂ ಹೋದ. ನನ್ ಪಾಸ್‌ಪೋರ್ಟು ಬಂದ್ ದಿನಾನೇ ಅವ್ರ ಬೀರು ಸೇರ್ತು. ಎರಡ್ ವರ್ಷಾಯ್ತು, ಒಂದ್ ದಿನ ರಜಾ ಕಂಡಿಲ್ಲ. ಬೇರೆ ಕಡೆ ಹೋಗ್ತೀನಿ ಅಂದ್ರೆ ಪೊಲೀಸ್‌ಗೆ ಕೊಡ್ತೀವಿ ಅಂತಾರೆ. ನಂಗೂ ಹಂಗೇ ಎದುರಿಗೆ ನಿಂತು ಕೇಳ್ಬೇಕು ಕಣವ್ವ."

ಮನುಕಾವ್‌ನಲ್ಲಿ ಉಚಿತವಾಗಿ ಕಾನೂನು ಸಲಹೆ ಕೊಡುವ ಕಚೇರಿಯೊಂದಕ್ಕೆ ಫೋನು ಮಾಡಿದೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕರೆತನ್ನಿ ಎಂದರು. ಹೆಸರು ಕೇಳಿದರು. ಎರಡು ವರ್ಷ ಆಕೆಯ ಕೈಯಡುಗೆ ಉಂಡಿದ್ದೆ, ಹೆಸರು ಗೊತ್ತಿರಲಿಲ್ಲ. ಮರುದಿನ ಆಕೆಯನ್ನೇ ಕೇಳಿದೆ. ತಂದೆಯ ಹೆಸರನ್ನೂ ಸೇರಿಸಿ ನಿಧಾನವಾಗಿ ಹೇಳಿ, ನಾನು ಬರೆದುಕೊಳ್ಳುವವರೆಗೆ ನಿಂತಿದ್ದರು. ಅದನ್ನು ಕಚೇರಿಗೆ ತಿಳಿಸಿದೆ.

ಬುಧವಾರ ನನಗೆ ದೊಡ್ಡ ಬುದ್ಧಿ ಬಂತು. ಒಟ್ಟಿಗೆ ಕೂತು ಉಣ್ಣುವ ನಮ್ಮವರನ್ನೇ ಕೋರ್ಟು ಕಚೇರಿಗೆ ಎಳೆಯುವುದೇ? ನಮ್ಮ ನಮ್ಮಲ್ಲೇ ಮಾತಾಡಿ ಸರಿಮಾಡೋಣ ಎಂದು ಸಂಜೆ ಸ್ವೀಟ್ ಡಬ್ಬಿ ಹಿಡಿದು ಎದುರುಮನೆಗೆ ಹೋದೆ. ಆಂಟಿಯೇ ಕಾಫಿ ತಂದುಕೊಟ್ಟರು. ನಾನು ಪಾಸ್‌ಪೋರ್ಟಿನ ಮಾತೆತ್ತಿದಾಗ ಆಂಟಿಯ ಮುಖ ಬಿಳಿಚಿಕೊಂಡಿತು. ಶುಕ್ರವಾರದ ವಿಷಯವನ್ನೂ ನಾನೇ ಬಾಯಿಬಿಟ್ಟೆ.

"ನೀವು ಬಂದು ಹೇಳಿದ್ದು ಒಳ್ಳೇದಾಯ್ತು ರೀ. ನಮ್ಮನೆ ವಿಷ್ಯ, ನಾವೇ ನೋಡ್ಕೋತೀವಿ" ಎಂದರು ಮನೆಯಾಕೆ. ಎಷ್ಟು ಒಳ್ಳೆಯ ಜನ ಎಂದುಕೊಂಡು ಮನೆಗೆ ಬಂದೆ.

ಆದರೂ ಮಾತು ಕೊಟ್ಟಿದ್ದೆನಲ್ಲ, ಶುಕ್ರವಾರ ಒಂಬತ್ತೂವರೆಗೆ ಕಾರು ತೆಗೆದು ಕಾದೆ. ಆಂಟಿ ಬರಲಿಲ್ಲ. ಹೋಗಿ ಬಾಗಿಲು ತಟ್ಟಿದೆ.

"ನಿನ್ನೇನೇ ಫ್ಲೈಟ್ ಹತ್ತಿಸಿದ್ವಿ. ಪಾಪ, ಮನೆ ನೆನಪಾಗಿ ಒಂದೇ ಸಮ ಅಳ್ತಿದ್ರು" ಎಂದರು ಮನೆಯಾಕೆ.

ಆಕೆಯ ಸೊಂಟದ ಮೇಲೆ ಕೂತ ಮಗು ಆಂಟಿ ಬೇಕೆಂದು ರಚ್ಚೆ ಹಿಡಿದಿತ್ತು. ಕಾರಿನಲ್ಲಿ ಕೂತು ಅತ್ತೆ.

ಹತ್ತು ದಾಟಿದ ಮೇಲೆ ಕಾನೂನು ಕಚೇರಿಯಿಂದ ಫೋನು ಬಂತು. ಕಿವೀ ಹುಡುಗಿಯೊಬ್ಬಳು ಆಂಟಿಯ ಪೂರ್ತಿ ಹೆಸರನ್ನು ತಡವರಿಸುತ್ತ ಓದಿ, ಅವರಿಗಾಗಿ ಕಾಯುತ್ತಿದ್ದೇವೆ ಎಂದಳು. ಅವರು ಇನ್ನು ಬರುವುದಿಲ್ಲ ಎಂದೆ.

ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಅಮೆರಿಕದ ಆ ಮನುಷ್ಯನನ್ನು ಹೊರಗಟ್ಟಲು ಒಂದು ಸುಪ್ರೀಂ ಕೋರ್ಟೇ ಬೇಕಾಯಿತು. ಆಂಟಿಗೆ ನಾನು ಮತ್ತು ನನ್ನ ಸ್ವೀಟ್ ಡಬ್ಬಿ ಸಾಕಾಯಿತು.